ಕಾಪಿರೈಟ್ ಮಾಡಿಸಿದರೆ ಗುಟ್ಟು ಉಳಿಯುವುದಿಲ್ಲ ಕಣ್ರಪ್ಪಾ

ಇವತ್ತು ಬೆಳಗ್ಗೆ ಒಂದು ಆನ್‌ಲೈನ್ ತರಬೇತಿಯಲ್ಲಿ ಕೂತಿದ್ದೆ. ಮುಗಿದು ಇಷ್ಟು ಹೊತ್ತಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಸಣ್ಣ ಉದ್ಯಮ ನಡೆಸುವವರಿಗೆ ಬೌದ್ಧಿಕ ಆಸ್ತಿಯ ಬಗ್ಗೆ ತಿಳಿಸಿಕೊಡುವ ತರಬೇತಿ ಅದು. ಒಬ್ಬ ಹೆಣ್ಣುಮಗಳು ಒಂದು ಪ್ರಶ್ನೆ ಕೇಳಿದರು. ಅವರ ಹತ್ತಿರ ಒಂದು ಎಕ್ಸೆಲ್ ಶೀಟ್ ಇದೆ. ಯಾವ ಗಿರಾಕಿ ಮತ್ತೆ ಯಾವಾಗ ಆರ್ಡರ್ ಕೊಡಬಹುದು, ಎಷ್ಟು ಮಾಲು ಕೇಳಬಹುದು ಅಂತ ಅದು ಅಂದಾಜು ಕೊಡುತ್ತದೆ. ಹಳೆಯ ಆರ್ಡರ್‌ಗಳ ನಡುವಿನ ಅಂತರ, ದುಡ್ಡು ಕೊಡುವಾಗ ಆದ ತಡ, ವರ್ಷದ ಯಾವ ತಿಂಗಳು, ಹೀಗೆ ಪ್ರತಿಯೊಂದಕ್ಕೂ ಇಷ್ಟಿಷ್ಟು ಅಂತ ತೂಕ ಕೊಟ್ಟಿದ್ದಾರೆ. ಆ ಅಂಕಿಗಳನ್ನು ವರ್ಷಗಟ್ಟಲೆ ತಿದ್ದಿ ತಿದ್ದಿ ಹದಕ್ಕೆ ತಂದಿದ್ದಾರೆ. "ಇದನ್ನ ಹೇಗೆ ಕಾಪಾಡಿಕೊಳ್ಳಲಿ ಸರ್?" ಅಂದರು.

ಪಾಠ ಮಾಡುತ್ತಿದ್ದವರ ಉತ್ತರ: "ಕಾಪಿರೈಟ್ ಮಾಡಿಸಿಬಿಡಿ ಮೇಡಂ. ಪೂರ್ತಿ ವಿವರ ಬರೆದು ಹಾಕಿ. ವೆಬ್‌ಸೈಟಿನಲ್ಲೂ ಹಾಕಿ, ನಿಮ್ಮದು ಅಂತ ಎಲ್ಲರಿಗೂ ಗೊತ್ತಾಗಲಿ."

ಅಯ್ಯೋ ದೇವರೇ! ಎಲ್ಲರಿಗೂ ಗೊತ್ತಾದ ಮೇಲೆ ಕಾಪಾಡಲು ಏನು ಉಳಿಯಿತು?

ನನ್ನ ಕೆಲಸ ಏನು ಅಂತ ನಿಮಗೆಲ್ಲ ಗೊತ್ತು. ದಿನಾ ಕರಾರು ಪತ್ರ ಬರೆಯುವುದು, ತಿದ್ದುವುದು. ಇದೇ ತಪ್ಪು ಸಲಹೆ ಪಾಲಿಸಿದವರು ಎಲ್ಲ ಮುಗಿದ ಮೇಲೆ ನನ್ನ ಮುಂದೆ ಬಂದು ಕೂರುತ್ತಾರೆ. ಅವರ ಮುಖ ನೋಡಿ "ಇನ್ನು ಏನೂ ಮಾಡಕ್ಕಾಗಲ್ಲ" ಅನ್ನಬೇಕು. ಹಾಗೆ ಹೇಳಿದ ದಿನ ನನಗೆ ಊಟ ಸೇರುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಾಪಿರೈಟ್ ಕಾಪಾಡುವುದು ನೀವು ಬರೆದ ರೀತಿಯನ್ನು. ಬರೆದದ್ದರ ಒಳಗಿನ ಉಪಾಯವನ್ನಲ್ಲ. ಬೌದ್ಧಿಕ ಆಸ್ತಿಯ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆ ಮಾಡಿಕೊಂಡ ಟ್ರಿಪ್ಸ್ ಒಪ್ಪಂದದ 9ನೇ ವಿಧಿಯಲ್ಲೇ ಇದು ಸ್ಪಷ್ಟವಾಗಿದೆ: ಐಡಿಯಾ, ಕೆಲಸದ ವಿಧಾನ, ಗಣಿತದ ಸೂತ್ರ ಇವುಗಳಿಗೆ ಕಾಪಿರೈಟ್ ಇಲ್ಲ. ಇದೇನು ನಿನ್ನೆ ಮೊನ್ನೆಯ ಮಾತೂ ಅಲ್ಲ. ಅಮೆರಿಕದಲ್ಲಿ ಸೆಲ್ಡನ್ ಅನ್ನುವವರು ಲೆಕ್ಕ ಬರೆಯುವ ಒಂದು ಹೊಸ ಕ್ರಮ ಕಂಡುಹಿಡಿದು ಪುಸ್ತಕ ಬರೆದರು. ಬೇಕರ್ ಅನ್ನುವವರು ಹೆಚ್ಚುಕಮ್ಮಿ ಅದೇ ಕ್ರಮದ ಲೆಕ್ಕದ ಪುಸ್ತಕ ಮಾರಿದರು. ಸೆಲ್ಡನ್ ತೀರಿಹೋಗಿದ್ದರು, ಅವರ ಹೆಂಡತಿ ಕೋರ್ಟಿಗೆ ಹೋದರು. 1880ರ ಹೊತ್ತಿಗೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟೇ: ಪುಸ್ತಕದ ಮೇಲೆ ಹಕ್ಕಿದೆ, ಆ ಪುಸ್ತಕ ಕಲಿಸುವ ಕ್ರಮದ ಮೇಲೆ ಇಲ್ಲ. ಆ ಕ್ರಮವನ್ನು ಯಾರು ಬೇಕಾದರೂ ಬಳಸಬಹುದು.

ಇನ್ನೂ ಹತ್ತಿರದ ಉದಾಹರಣೆ ಬೇಕಾ? 1981ರಲ್ಲಿ ಐಬಿಎಂ ತನ್ನ ಪಿಸಿ ತಂದಿತು. ಅದರ ಬಯಾಸ್ ಅನ್ನುವ ಮೂಲ ಪ್ರೋಗ್ರಾಮಿನ ಕೋಡನ್ನು ತಾಂತ್ರಿಕ ಕೈಪಿಡಿಯಲ್ಲಿ ತಾನೇ ಅಚ್ಚು ಹಾಕಿಸಿತು. ಕೋಡ್ ಮೇಲೆ ಕಾಪಿರೈಟ್ ಇತ್ತು, ಸಾಲಿಗೆ ಸಾಲು ಇಳಿಸಿಕೊಂಡರೆ ಕೇಸು ಗ್ಯಾರಂಟಿ. ಕಾಂಪ್ಯಾಕ್ ಕಂಪನಿ ಏನು ಮಾಡಿತು? ಒಂದು ತಂಡ ಆ ಬಯಾಸ್ ಏನೇನು ಕೆಲಸ ಮಾಡುತ್ತದೆ ಅಂತ ಮಾತ್ರ ಪಟ್ಟಿ ಮಾಡಿತು. ಐಬಿಎಂ ಕೋಡನ್ನು ಕಣ್ಣಿಂದಲೂ ನೋಡದ ಇನ್ನೊಂದು ತಂಡ ಆ ಪಟ್ಟಿ ಇಟ್ಟುಕೊಂಡು ತನ್ನದೇ ಕೋಡ್ ಬರೆಯಿತು. ಆಮೇಲೆ ಫೀನಿಕ್ಸ್ ಕಂಪನಿ ಇದೇ ದಾರಿಯಲ್ಲಿ ಬಯಾಸ್ ಮಾಡಿ ಬೇರೆಯವರಿಗೂ ಮಾರಿತು. ಪಿಸಿ ಮಾರುಕಟ್ಟೆ ಐಬಿಎಂ ಕೈಯಿಂದ ಜಾರಿಹೋಯಿತು. ಕಾಪಿರೈಟ್ ಮಾತ್ರ ಹಾಗೇ ಇತ್ತು! ಅಷ್ಟು ದೊಡ್ಡ ಕಂಪನಿಗೇ ಹೀಗಾದರೆ ಒಂದು ಎಕ್ಸೆಲ್ ಶೀಟಿನ ಗತಿ ಏನು ಹೇಳಿ. ಅಂಕಿಗಳನ್ನು ನೋಡಿಕೊಂಡವನು ಹೊಸ ಶೀಟ್ ತೆರೆದು ತನ್ನದೇ ರೀತಿಯಲ್ಲಿ ಕೂರಿಸಿಕೊಳ್ಳುತ್ತಾನೆ, ಅಷ್ಟೇ.

ಇನ್ನೊಂದು ವಿಷಯ ಯಾರೂ ಹೇಳುವುದೇ ಇಲ್ಲ. ಕಾಪಿರೈಟ್ ಬರಲು ಅರ್ಜಿಯೇ ಬೇಕಿಲ್ಲ. ಕಾಪಿರೈಟ್ ಬಗ್ಗೆ ದೇಶದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲೆಲ್ಲ ನೀವು ಬರೆದ ಗಳಿಗೆಯಿಂದಲೇ ಅದು ನಿಮ್ಮದು. ಬೀರುವಿನಲ್ಲಿ ಬೀಗ ಹಾಕಿ ಇಟ್ಟರೂ ನಿಮ್ಮದೇ. ಹಾಗಾಗಿ ಕಾಪಿರೈಟ್ ಬೇಕಾ, ಟ್ರೇಡ್ ಸೀಕ್ರೆಟ್ (ಗುಟ್ಟಾಗಿಟ್ಟ ವ್ಯಾಪಾರದ ಮಾಹಿತಿಗೆ ಸಿಗುವ ರಕ್ಷಣೆ) ಬೇಕಾ ಅಂತ ಕೇಳುವ ಮೊದಲು ಕೇಳಬೇಕಾದ್ದು ಒಂದೇ: ಇದನ್ನು ಹೊರಗೆ ಬಿಡಬೇಕಾ, ಬೇಡವಾ? ಗುಟ್ಟಾಗಿಟ್ಟದ್ದನ್ನು ನಾಳೆ ಪ್ರಕಟಿಸಬಹುದು. ಪ್ರಕಟಿಸಿದ್ದನ್ನು ನಾಳೆ ಗುಟ್ಟು ಮಾಡಲಾಗುವುದಿಲ್ಲ.

ಅರ್ಜಿ ಬೇಕಿಲ್ಲದಿದ್ದರೂ ನೋಂದಣಿ ಮಾಡಿಸುವುದಾದರೆ ಅಲ್ಲೂ ಹುಷಾರಾಗಿರಬೇಕು. ಅಮೆರಿಕದಲ್ಲಿ ಸಾಫ್ಟ್‌ವೇರ್ ನೋಂದಣಿಗೆ ಸಾಮಾನ್ಯವಾಗಿ ಕೋಡಿನ ಮೊದಲ 25, ಕೊನೆಯ 25 ಪುಟ ಕೊಡಬೇಕು. ಗುಟ್ಟಿನ ಭಾಗಕ್ಕೆ ಕಪ್ಪು ಬಳಿದು ಕೊಡಲು ಅವಕಾಶ ಇದೆ. ಭಾರತದಲ್ಲಿ 2021ರ ತಿದ್ದುಪಡಿಯ ಪ್ರಕಾರ ಕನಿಷ್ಠ ಮೊದಲ 10, ಕೊನೆಯ 10 ಪುಟ, ಅದರಲ್ಲಿ ಯಾವ ಭಾಗವನ್ನೂ ಮರೆಮಾಚುವಂತಿಲ್ಲ. 20 ಪುಟಕ್ಕಿಂತ ಚಿಕ್ಕದಾದರೆ ಪೂರ್ತಿ ಕೋಡ್ ಕೊಡಬೇಕು. ಸಣ್ಣ ಪ್ರೋಗ್ರಾಮ್ ಬರೆದವರ ಗುಟ್ಟೆಲ್ಲ ಅದರಲ್ಲೇ ಹೋಯಿತಲ್ವಾ? "ಪೂರ್ತಿ ವಿವರ ಹಾಕಿ" ಅನ್ನುವವರು ಇದನ್ನು ಒಂದು ಸಲವಾದರೂ ಯೋಚಿಸಿದ್ದಾರಾ?

"ಗುಟ್ಟಿಗೆ ಸರ್ಟಿಫಿಕೇಟ್ ಇಲ್ಲವಲ್ಲ, ಕೋರ್ಟಿನಲ್ಲಿ ಏನು ತೋರಿಸುವುದು?" ಅಂತ ನೀವು ಕೇಳಬಹುದು. ನೀವು ಅದನ್ನು ಹೇಗೆ ಕಾಪಾಡಿದಿರಿ ಅನ್ನುವುದನ್ನು ತೋರಿಸಬೇಕು. ಟ್ರಿಪ್ಸ್ 39ನೇ ವಿಧಿ ಕೇಳುವುದು ಮೂರೇ ವಿಷಯ. ಅದು ಎಲ್ಲರಿಗೂ ಗೊತ್ತಿರಬಾರದು, ಗುಟ್ಟಾಗಿರುವುದರಿಂದಲೇ ಅದಕ್ಕೆ ಬೆಲೆ ಬಂದಿರಬೇಕು, ಗುಟ್ಟಾಗಿಡಲು ನೀವು ತಕ್ಕ ಕ್ರಮ ತೆಗೆದುಕೊಂಡಿರಬೇಕು. ಸ್ವಯಂಚಾಲಿತ ಕಾರಿನ ತಂತ್ರಜ್ಞಾನದ ಬಗ್ಗೆ ವೇಮೋ ಕಂಪನಿ ಊಬರ್ ಮೇಲೆ ಹಾಕಿದ ಕೇಸು ನೆನಪಿದೆಯಾ? ಕೆಲಸ ಬಿಡುವ ಮೊದಲು ಒಬ್ಬ ಇಂಜಿನಿಯರ್ 14 ಸಾವಿರಕ್ಕೂ ಹೆಚ್ಚು ಫೈಲ್ ಇಳಿಸಿಕೊಂಡರು ಅನ್ನುವುದು ಆರೋಪ. ಆ ಆರೋಪದ ಹಿಂದೆ ಇದ್ದದ್ದು ಕಂಪ್ಯೂಟರಿನ ದಾಖಲೆಗಳು. 2018ರಲ್ಲಿ ಊಬರ್ ತನ್ನ ಷೇರು ಕೊಟ್ಟು ರಾಜಿ ಮಾಡಿಕೊಂಡಿತು. ಆಗ ಆ ಷೇರಿನ ಬೆಲೆ ಸುಮಾರು 24.5 ಕೋಟಿ ಡಾಲರ್.

ಇನ್ನು, ಬೇರೆಯವರು ಸ್ವಂತ ಬುದ್ಧಿಯಿಂದ ಅದನ್ನೇ ಕಂಡುಹಿಡಿದರೆ ಟ್ರೇಡ್ ಸೀಕ್ರೆಟ್ ಹಕ್ಕು ಅವರನ್ನು ತಡೆಯುವುದಿಲ್ಲ ಅನ್ನುತ್ತಾರೆ. ನಿಜ. ಸ್ವತಂತ್ರವಾಗಿ ಬರೆದವರನ್ನು ಕಾಪಿರೈಟೂ ತಡೆಯುವುದಿಲ್ಲ, ಅದನ್ನು ಮಾತ್ರ ಯಾಕೆ ಮುಚ್ಚಿಡುತ್ತೀರಿ? ಮಾರಿದ ವಸ್ತುವನ್ನು ಬಿಚ್ಚಿ ನೋಡಿದರೆ ಗೊತ್ತಾಗುವಂಥದ್ದಕ್ಕೆ ಗುಟ್ಟು ಸರಿಹೋಗದು, ಒಪ್ಪುತ್ತೇನೆ. ಅಂಥದ್ದಕ್ಕೆ ಪೇಟೆಂಟ್ ಸಿಗುತ್ತದಾ ನೋಡಿ. ಜನ ನೋಡಲಿ ಅಂತಲೇ ಮಾಡಿದ ಚಿತ್ರ, ವಿಡಿಯೋ, ಪಾಠ, ಕೈಪಿಡಿ ಇವಕ್ಕೆ ಕಾಪಿರೈಟ್‌ಗಿಂತ ಒಳ್ಳೆಯ ರಕ್ಷಣೆ ಇಲ್ಲ. ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅದು ಮಾಡದ ಕೆಲಸವನ್ನು ಮಾಡುತ್ತದೆ ಅಂತ ನಂಬಿಸುವವರ ಮೇಲೆ ಸಿಟ್ಟು.

ಒಳಗೆ ಕೂತು ಕೆಲಸ ಮಾಡುವ ಸೂತ್ರ, ಗಿರಾಕಿಗಳ ಪಟ್ಟಿ, ಬೆರಕೆಯ ಅಳತೆ, ಸರ್ವರ್ ಬಿಟ್ಟು ಆಚೆ ಬರದ ಕೋಡ್ ಇವೆಲ್ಲ ಗುಟ್ಟಾಗಿಯೇ ಇರಲಿ. ಫೈಲ್ ಯಾರು ಯಾವಾಗ ತೆರೆದರು ಅನ್ನುವ ದಾಖಲೆ ಇಡಿ. ಕೆಲಸಕ್ಕೆ ಬೇಕಾದವರಿಗೆ ಮಾತ್ರ ಪಾಸ್‌ವರ್ಡ್ ಕೊಡಿ. ತೋರಿಸುವ ಮೊದಲು ಎನ್‌ಡಿಎಗೆ, ಅಂದರೆ ಗುಟ್ಟು ಹೊರಗೆ ಬಿಡುವುದಿಲ್ಲ ಅನ್ನುವ ಕರಾರಿಗೆ, ಸಹಿ ಹಾಕಿಸಿ. ಕೆಲಸ ಬಿಟ್ಟು ಹೋಗುವವರ ಲಾಗಿನ್ ಅವತ್ತೇ ಮುಚ್ಚಿ.

ಕಾಪಿರೈಟ್ ಅರ್ಜಿ ಸಿದ್ಧ ಮಾಡಿಕೊಂಡು ಕೂತವರು ಯಾರಾದರೂ ಇದ್ದರೆ ಸಲ್ಲಿಸುವ ಮೊದಲು ನನಗೆ ಮೆಸೇಜ್ ಮಾಡಿ. ಸುಮ್ನೆ ಓದಿ ಹೇಳುತ್ತೇನೆ, ಫೀಸ್ ಬೇಡ. ಆದರೆ ಗುಟ್ಟಿನ ಅಂಕಿಗಳನ್ನು ಅಳಿಸಿ ಕಳಿಸಿ. ಅವು ನನಗೂ ಗೊತ್ತಾಗುವುದು ಬೇಡ.