ಮಳೆ ಬರೆದವನೇ ಪೈಪ್ ಹಿಡಿದ

ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಕಿರುಚಿತ್ರದ ಸ್ಕ್ರಿಪ್ಟ್ ಇದೆ. ಮೂರು ವರ್ಷದಲ್ಲಿ ಏಳು ಸಲ ತಿದ್ದಿದ್ದೇನೆ. ಒಂದು ಶಾಟ್ ಕೂಡ ತೆಗೆದಿಲ್ಲ. ಅದೇ ಲ್ಯಾಪ್‌ಟಾಪ್‌ನಲ್ಲಿ ಐದು ನಿಮಿಷದ ಒಂದು ಸಿನಿಮಾನೂ ಇದೆ. ಶುಕ್ರವಾರ ಸಂಜೆ ಅದಕ್ಕೆ ಕಥೆಯೇ ಇರಲಿಲ್ಲ, ಭಾನುವಾರ ಸಂಜೆ ಸ್ಪರ್ಧೆಗೆ ಕೊಟ್ಟು ಬಂದೆವು. ಚೆನ್ನಾಗೇನೂ ಇಲ್ಲ. ಆದರೆ ಸಿನಿಮಾ ಮಾಡುವುದರ ಬಗ್ಗೆ ನನಗೆ ಗೊತ್ತಿರುವ ಅಷ್ಟಿಷ್ಟು ಬಂದಿದ್ದು ಅದರಿಂದಲೇ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಎರಡೇ ದಿನದಲ್ಲಿ ಸಿನಿಮಾ ಮಾಡಿ ಮುಗಿಸುವ ಇಂಥ ಸ್ಪರ್ಧೆಗಳಲ್ಲಿ ಹೆಸರಾಗಿದ್ದು 48 ಅವರ್ ಫಿಲ್ಮ್ ಪ್ರಾಜೆಕ್ಟ್. 2001ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಶುರುವಾಗಿ ಆಮೇಲೆ ಎಷ್ಟೋ ದೇಶಗಳಿಗೆ ಹಬ್ಬಿತು. ಹಾರರೋ ಕಾಮಿಡಿಯೋ, ಚೀಟಿ ಎತ್ತಿದಾಗ ಬಂದಿದ್ದೇ ನಿಮ್ಮ ಪಾಲಿಗೆ. ಜೊತೆಗೆ ಒಂದು ಪಾತ್ರ, ಒಂದು ವಸ್ತು, ಒಂದು ಡೈಲಾಗ್ ಕೊಡುತ್ತಾರೆ. ಈ ಮೂರೂ ಸಿನಿಮಾದಲ್ಲಿ ಇರಲೇಬೇಕು. ಮೊದಲೇ ಮಾಡಿಟ್ಟ ಸಿನಿಮಾ ತಂದು ಕೊಡೋಕೆ ಆಗಬಾರದಲ್ವಾ, ಅದಕ್ಕೆ. ತಂಡ, ಕ್ಯಾಮೆರಾ, ಜಾಗ ಮುಂಚೆಯೇ ನೋಡಿಟ್ಟುಕೊಳ್ಳಬಹುದು. ಬರೆಯುವುದು, ಶೂಟಿಂಗ್, ಎಡಿಟಿಂಗ್ ಎಲ್ಲ 48 ಗಂಟೆಯೊಳಗೆ. ಸಿನಿಮಾ ನಾಲ್ಕರಿಂದ ಏಳು ನಿಮಿಷ.

ಡೆಡ್‌ಲೈನ್ ಇದ್ದರೆ ಕೆಲಸ ಮುಗಿಯುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ನನಗೆ ಅದಕ್ಕಿಂತ ದೊಡ್ಡದು ಅನಿಸಿದ್ದು ಬೇರೆ. ಇಲ್ಲಿ ತಪ್ಪು ಮಾಡಿದ ಮಾರನೇ ದಿನವೇ ಅದು ಎದುರಿಗೆ ಬಂದು ನಿಲ್ಲುತ್ತದೆ. ಶುಕ್ರವಾರ ರಾತ್ರಿ ನಾನು ಆರಾಮಾಗಿ ‘ಅಷ್ಟರಲ್ಲಿ ಮಳೆ ಶುರುವಾಗುತ್ತದೆ’ ಅಂತ ಬರೆದೆ. ಶನಿವಾರ ಮಧ್ಯಾಹ್ನ ಸುಡು ಬಿಸಿಲು. ಕಿಟಕಿ ಹೊರಗೆ ಪೈಪ್ ಹಿಡಿದು ನೀರು ಚಿಮ್ಮಿಸುತ್ತಾ ನಿಂತವನೂ ನಾನೇ. ಎರಡು ಗಂಟೆ ಹೋಯಿತು. ಭಾನುವಾರ ಎಡಿಟಿಂಗ್‌ಗೆ ಕೂತಾಗ ಆ ಮಳೆಯೇ ಬೇಡ ಅಂತ ಕಿತ್ತು ಹಾಕಿದೆವು. ತಿಂಗಳುಗಟ್ಟಲೆ ನಡೆಯುವ ಕೆಲಸದಲ್ಲಾಗಿದ್ದರೆ ಬರೆದವನು ನಾನೇ ಅನ್ನುವುದೇ ಮರೆತು ಕ್ಯಾಮೆರಾದವನನ್ನು ಬೈಯುತ್ತಿದ್ದೆ.

ಸೌಂಡ್ ಕಥೆಯೂ ಅಷ್ಟೇ. ಫ್ಯಾನ್ ಆರಿಸೋದು ಮರೆತಿದ್ದೆವು. ಶೂಟಿಂಗ್‌ನಲ್ಲಿ ಯಾರಿಗೂ ಕೇಳಿಸಲಿಲ್ಲ, ಹೆಡ್‌ಫೋನ್ ಹಾಕಿಕೊಂಡರೆ ಪ್ರತಿ ಡೈಲಾಗ್ ಹಿಂದೆಯೂ ಗುರ್ ಅನ್ನುತ್ತಿತ್ತು. ಒಂದು ಶಾಟ್‌ನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಈಗ ಎಲ್ಲೇ ಹೋದರೂ ಮೊದಲು ಫ್ಯಾನ್, ಫ್ರಿಜ್ ಎರಡೂ ಬಂದ್. ಎಲ್ಲರನ್ನೂ ಸುಮ್ನೆ ಕೂರಿಸಿ ಖಾಲಿ ಕೋಣೆಯ ಸದ್ದನ್ನೇ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಎಡಿಟಿಂಗ್‌ನಲ್ಲಿ ಎರಡು ಶಾಟ್ ನಡುವಿನ ಸಂದು ಮುಚ್ಚೋಕೆ ಅದೇ ಬೇಕು. ಇದನ್ನು ಹತ್ತು ವಿಡಿಯೊಗಳಲ್ಲಿ ನೋಡಿದ್ದೆ, ತಲೆಗೆ ಹೋಗಿರಲಿಲ್ಲ.

ಎರಡು ರಾತ್ರಿ ನಿದ್ದೆಗೆಟ್ಟಿದ್ದನ್ನೇ ಸಾಹಸ ಅನ್ನುವವರ ಮಾತು ಕೇಳಬೇಡಿ. ನಿದ್ದೆ ಮಾಡಿ. ನಾವು ಭಾನುವಾರ ಬೆಳಗಿನ ಜಾವ ಮಾಡಿದ ಕಟ್‌ಗಳನ್ನೆಲ್ಲ ಹತ್ತು ಗಂಟೆಗೆ ಮತ್ತೆ ಮಾಡಬೇಕಾಯಿತು. ಎಕ್ಸ್‌ಪೋರ್ಟ್‌ಗೆ, ಅಂದರೆ ಎಡಿಟ್ ಮಾಡಿದ್ದನ್ನು ಒಂದೇ ವಿಡಿಯೊ ಫೈಲ್ ಆಗಿ ತೆಗೆಯೋಕೆ, ಎರಡು ಗಂಟೆಯಾದರೂ ಮಿಗಿಸಿಕೊಳ್ಳಿ. ನಮ್ಮದು ಡೆಡ್‌ಲೈನ್‌ಗೆ ಹನ್ನೊಂದು ನಿಮಿಷ ಇರುವಾಗ ಮುಗಿಯಿತು.

ಬಹುಮಾನ? ಬರಲಿಲ್ಲ. ಆದರೆ ಪರಿಚಯವೇ ಇಲ್ಲದವರ ನಡುವೆ ಕೂತು ನಮ್ಮ ಸಿನಿಮಾ ನೋಡಿದೆ. ನಗ್ತಾರೆ ಅಂದುಕೊಂಡ ಕಡೆ ಒಬ್ಬರೂ ನಗಲಿಲ್ಲ. ಬಾಗಿಲು ಸಿಕ್ಕಿಹಾಕಿಕೊಂಡ ಕಡೆ ಇಡೀ ಹಾಲ್ ನಕ್ಕಿತು. ಅದು ನಿಜಕ್ಕೂ ಸಿಕ್ಕಿಹಾಕಿಕೊಂಡಿತ್ತು.

ಮೊನ್ನೆ ಆ ಹಳೇ ಸ್ಕ್ರಿಪ್ಟ್ ತೆಗೆದು ನೋಡಿದೆ. ಮೊದಲ ದೃಶ್ಯ: ರೈಲ್ವೆ ಸ್ಟೇಷನ್, ರಾತ್ರಿ, ಐವತ್ತು ಜನ, ಜೋರು ಮಳೆ.