ಏಳು ದಿನಕ್ಕೆ ಏಳು ಕೆಜಿ, ಎಂಟನೇ ದಿನ ಹೋಳಿಗೆ

ಕಲ್ಯಾಣ ಮಂಟಪಕ್ಕೆ ಅಡ್ವಾನ್ಸ್ ಕೊಟ್ಟಾದ ಮೇಲೆ ಎರಡು ಅಳತೆಗಳು ಶುರುವಾಗುತ್ತವೆ. ಒಂದು ರವಿಕೆಯದು, ಇನ್ನೊಂದು ಆ ರವಿಕೆಯೊಳಗೆ ಹೋಗಬೇಕಾದವರದು. ಆರಿ ವರ್ಕ್ ಮುಗಿಸಿದ ರವಿಕೆಯನ್ನು ಬಿಚ್ಚಿ ಸಡಿಲ ಮಾಡಲು ಟೈಲರ್ ಸುತಾರಾಂ ಒಪ್ಪುವುದಿಲ್ಲ. ಆದ್ದರಿಂದ ದೇಹವೇ ದಾರಿಗೆ ಬರಬೇಕು, ಅದೂ ಮುಂದಿನ ಶುಕ್ರವಾರದೊಳಗೆ.

ಇಂಥ ತುರ್ತಿಗೆ ಪೇಟೆಯಲ್ಲಿ ಸರಕು ಸಿದ್ಧವಿದೆ. ಜಿಮ್ಮಿನ ಮೆಟ್ಟಿಲ ಪಕ್ಕದ ಫ್ಲೆಕ್ಸು, ದಿನಪತ್ರಿಕೆಯೊಳಗಿಂದ ಜಾರಿ ಬೀಳುವ ಪಾಂಪ್ಲೆಟ್ಟು, ಫ್ಯಾಮಿಲಿ ಗ್ರೂಪಿನಲ್ಲಿ ಸುತ್ತುವ ಪಿಡಿಎಫ್ಫು, ಎಲ್ಲದರಲ್ಲೂ ಒಂದೇ ಮಂತ್ರ: ಏಳು ದಿನ, ಏಳು ಕೆಜಿ. ಪ್ರಶ್ನೆ ಕೇಳುವವರಿಗೂ ಉತ್ತರ ರೆಡಿ. "ಇದು ಬರೀ ಕಿಕ್ ಸ್ಟಾರ್ಟ್. ಒಂದು ವಾರ ಹೊಟ್ಟೆ ಕಟ್ಟಿ, ಆಮೇಲೆ ತೂಕ ತನ್ನಷ್ಟಕ್ಕೆ ತಾನೇ ಇಳಿಯುತ್ತಾ ಹೋಗುತ್ತೆ." ಹಳೇ ಯೆಜ್ಡಿ ಓಡಿಸಿದವರಿಗೆ ಗೊತ್ತು, ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲದೆ ಎಷ್ಟು ಒದ್ದರೂ ನೋಯುವುದು ಕಾಲು ಮಾತ್ರ. ಆದರೆ ಈಗಿನವರ ಗಾಡಿಗೆ ಬಟನ್ ಸ್ಟಾರ್ಟು, ಹೀಗಾಗಿ ಒದೆತದ ಮೇಲೆ ನಂಬಿಕೆ ಹೆಚ್ಚು.

ಈ ಮಂತ್ರಗಳ ಪೈಕಿ ಹಿರಿಯಣ್ಣ ಜಿಎಂ ಡಯಟ್. ಜಿಎಂ ಅಂದರೆ ಜನರಲ್ ಮೋಟಾರ್ಸ್, ಕಾರು ಕಂಪನಿ. 1985ರಲ್ಲಿ ಅದು ತನ್ನ ನೌಕರರಿಗಾಗಿ ಈ ಪಥ್ಯ ತಯಾರಿಸಿತಂತೆ, ಅಮೆರಿಕದ ಕೃಷಿ ಇಲಾಖೆ ಸಹಾಯ ಮಾಡಿತಂತೆ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯೂ ಆಯಿತಂತೆ. ಈ ಮೂರು 'ಅಂತೆ'ಗಳಿಗೆ ಒಂದು ತುಂಡು ಕಾಗದದ ಆಧಾರವೂ ಸಿಕ್ಕಿಲ್ಲ. ಕಾರು ಮಾಡುವವರ ಹೆಸರಲ್ಲಿ ಕ್ಯಾಬೇಜ್ ಸಾರು ಮಾರಬಹುದಾದರೆ ನಾಳೆ ಕೆಎಸ್‌ಆರ್‌ಟಿಸಿ ಹೆಸರಿನಲ್ಲಿ ಬಿಪಿ ಮಾತ್ರೆಯೂ ಬರಬಹುದು. ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಅದರ ಪಥ್ಯ ಮಾತ್ರ ಇಲ್ಲೇ ಠಿಕಾಣಿ ಹೂಡಿದೆ, ಸರ್ವಿಸ್ ಸೆಂಟರ್ ಇಲ್ಲದೆ.

ಏಳು ಕೆಜಿ ಇಳಿಯುತ್ತದೆಯೇ ಎಂದು ಕೇಳಿದರೆ, ತಕ್ಕಡಿಯಲ್ಲಿ ಅದರ ಹತ್ತಿರ ಹತ್ತಿರಕ್ಕಾದರೂ ಖಂಡಿತ ತರಬಹುದು. ವಿಧಾನ ಗೊತ್ತಿರಬೇಕು ಅಷ್ಟೆ.

ಮೊದಲ ತೂಕ ಭಾನುವಾರ ರಾತ್ರಿಯೇ ನೋಡಬೇಕು. ಅವತ್ತು ಮಧ್ಯಾಹ್ನ ಬಿರಿಯಾನಿ, ಜೊತೆಗೆ ಉಪ್ಪಿನಕಾಯಿ, ಹಪ್ಪಳ. ಸಂಜೆ ಗೋಬಿ ಮಂಚೂರಿ. 2024ರಲ್ಲಿ ಕರ್ನಾಟಕ ಸರ್ಕಾರ ಗೋಬಿಯ ಕೃತಕ ಬಣ್ಣಕ್ಕೆ ನಿಷೇಧ ಹೇರಿತು, ಪುಣ್ಯಕ್ಕೆ ಉಪ್ಪಿಗೆ ಕೈ ಹಾಕಲಿಲ್ಲ. ಈ ಉಪ್ಪೇ ಮರುದಿನದವರೆಗೆ ನೀರನ್ನು ಮೈಯಲ್ಲಿ ಹಿಡಿದಿಟ್ಟುಕೊಳ್ಳುವುದು. ಜೀನ್ಸ್, ಬೆಲ್ಟು, ಜೇಬಿನಲ್ಲಿ ಮೊಬೈಲು ಇರಲಿ. ಶೌಚಕ್ಕೆ ಹೋಗಬಾರದು. ತಕ್ಕಡಿ ಹತ್ತುವ ಮೊದಲು ಎರಡು ದೊಡ್ಡ ಲೋಟ ನೀರು ಕುಡಿದರೆ ಅಲ್ಲೇ ಅರ್ಧ ಕೆಜಿ ಜಮೆ. ಈ ಸಂಖ್ಯೆಯನ್ನು ಫೋಟೊ ತೆಗೆದಿಟ್ಟುಕೊಳ್ಳಿ, ಇದೇ "ಬಿಫೋರ್". ಕೊನೆಯ ತೂಕ ಮುಂದಿನ ಭಾನುವಾರ ಬೆಳಗಿನ ಜಾವ, ಬಚ್ಚಲಿಗೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ, ತೆಳು ನೈಟಿ ಇಲ್ಲವೇ ಪಂಚೆಯಲ್ಲಿ. ಏಳೂ ದಿನ ಮಾಮೂಲಿನಂತೆ ಅನ್ನ ಸಾರು ಉಂಡುಕೊಂಡಿದ್ದವರಿಗೂ ಈ ಎರಡು ತೂಕಗಳ ನಡುವೆ ಎರಡು ಕೆಜಿ ವ್ಯತ್ಯಾಸ ಬರುವುದು ಕಷ್ಟವೇನಲ್ಲ.

ಉಳಿದದ್ದನ್ನು ಪೂರೈಸಲು ದೇಹದೊಳಗೇ ಒಂದು ನೀರಿನ ಟ್ಯಾಂಕ್ ಇದೆ. ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜೆನ್ ಎಂಬ ಪಿಷ್ಟದ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಮೂ ಮೂರು ಗ್ರಾಂನಷ್ಟು ನೀರನ್ನು ತಬ್ಬಿಕೊಂಡು ಕೂತಿರುತ್ತದೆ. ಅನ್ನ, ಮುದ್ದೆ, ಚಪಾತಿ ನಿಂತ ಕೂಡಲೇ ದೇಹ ಈ ಉಗ್ರಾಣಕ್ಕೆ ಕೈ ಹಾಕುತ್ತದೆ, ಪಿಷ್ಟ ಉರಿಯುತ್ತದೆ, ನೀರು ಹೊರಬೀಳುತ್ತದೆ. ಅದೇ ಹೊತ್ತಿಗೆ ಇನ್ಸುಲಿನ್ ಇಳಿಯುವುದರಿಂದ ಮೂತ್ರಪಿಂಡಗಳು ಸೋಡಿಯಂ ಬಿಟ್ಟುಕೊಡುತ್ತವೆ, ಅದರ ಬೆನ್ನಿಗೆ ಇನ್ನಷ್ಟು ನೀರು. ಎರಡನೇ, ಮೂರನೇ ರಾತ್ರಿ ಮತ್ತೆ ಮತ್ತೆ ಎದ್ದು ಹೋಗಬೇಕಾಗುವುದು, ಬೆಳಿಗ್ಗೆ ಹಾಸಿಗೆಯಿಂದ ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುವುದು ಇದಕ್ಕೇ. ಪಾಂಪ್ಲೆಟ್ಟಿನ ಪ್ರಕಾರ ಇದರ ಹೆಸರು "ಟಾಕ್ಸಿನ್ ಹೊರಹೋಗುವುದು". ಅದರ ಮೇಲೆ, ತಿನ್ನುವುದು ಕಡಿಮೆಯಾದ್ದರಿಂದ ಕರುಳಿನ ಸರಂಜಾಮೂ ಅರ್ಧ ಕೆಜಿಯಷ್ಟು ಹಗುರ. ಒಟ್ಟು ಮೂರು ನಾಲ್ಕು ಕೆಜಿ ಮಂಗಮಾಯ, ಕೊಬ್ಬಿಗೆ ಇನ್ನೂ ಸುದ್ದಿಯೇ ಮುಟ್ಟಿಲ್ಲ.

ಈಗ ಕೊಬ್ಬಿನ ಲೆಕ್ಕ. 70 ಕೆಜಿ ತೂಕದ, ಕುರ್ಚಿ ಮೇಲೆ ಕೂತು ದುಡಿಯುವ ಹೆಂಗಸು ದಿನಕ್ಕೆ ಹೆಚ್ಚು ಕಡಿಮೆ 1,800 ಕ್ಯಾಲೊರಿ ಖರ್ಚು ಮಾಡುತ್ತಾಳೆ ಅಂದುಕೊಳ್ಳಿ. ತಿಂದದ್ದು 700. ಕೊರತೆ 1,100, ಏಳು ದಿನಕ್ಕೆ 7,700. ಮೈಯ ಕೊಬ್ಬು ಒಂದು ಕೆಜಿ ಕರಗಬೇಕಾದರೆ ಬೇಕಾಗುವ ಕೊರತೆಯೂ ಸುಮಾರು ಅಷ್ಟೇ, 7,700. ಬೆಟ್ಟ ಅಗೆದು ಸಿಕ್ಕ ಇಲಿ ಒಂದು ಕೆಜಿ ತೂಗಿತು. ಪ್ರೋಟೀನ್ ಸಾಲದಿದ್ದರೆ ಅದರಲ್ಲೂ ಒಂದಿಷ್ಟು ಪಾಲು ಸ್ನಾಯುವಿನದ್ದು. ಆಕೆ ಗಾಳಿ ಕುಡಿದುಕೊಂಡೇ ಏಳು ದಿನ ಕಳೆದರೂ ಕೊರತೆ 12,600, ಅಂದರೆ ಒಂದೂ ಮುಕ್ಕಾಲು ಕೆಜಿಗೂ ಕಡಿಮೆ. ಏಳು ಕೆಜಿ ಕೊಬ್ಬೇ ಬೇಕೆಂದರೆ ಒಂದು ತಿಂಗಳು ನಿರಾಹಾರ ಕೂರಬೇಕು. ಫ್ಲೆಕ್ಸಿನಲ್ಲಿ ಆ ಲೆಕ್ಕ ಬರೆಯಲು ಜಾಗ ಸಾಲದು.

ಏಳೇ ದಿನ ಯಾಕೆ ಎನ್ನುವುದೂ ಇಲ್ಲೇ ತಿಳಿಯುತ್ತದೆ. ನೀರಿನ ಹೆಚ್ಚಿನ ಪಾಲು ಮೂರು ನಾಲ್ಕು ದಿನದಲ್ಲೇ ಖಾಲಿ. ಆಮೇಲೆ ದಿನಕ್ಕೆ ಇಳಿಯುವುದು ನೂರೈವತ್ತು ಗ್ರಾಂ, ಅದೂ ಅದೇ ಉಪವಾಸ ಮುಂದುವರಿಸಿದರೆ. ನೂರೈವತ್ತು ಗ್ರಾಂಗೆ ಯಾರೂ ದುಡ್ಡು ಕೊಡುವುದಿಲ್ಲ, ಯಾರೂ ಸ್ಟೇಟಸ್ ಹಾಕುವುದಿಲ್ಲ. ಆದ್ದರಿಂದ ಗ್ರಾಫ್ ಮಲಗುವುದಕ್ಕೆ ಮುಂಚೆಯೇ ಮಂಗಳಾರತಿ ಎತ್ತಿಬಿಡುವುದು. ಈ ಕೋರ್ಸ್ ಮಾಡಿದ ಯಾರೂ ಫೇಲಾಗದೇ ಇರುವ ರಹಸ್ಯ ಇಷ್ಟೇ.

ಇನ್ನು ಜಿಎಂ ಡಯಟ್ ಹೊತ್ತು ತಿರುಗುವ ಆ ಪಿಡಿಎಫ್ಫಿನ ವಿಜ್ಞಾನ. ಮೊದಲ ದಿನ ಹಣ್ಣು ಮಾತ್ರ, ಕಲ್ಲಂಗಡಿಗೆ ಆದ್ಯತೆ, ಬಾಳೆ ನಿಷಿದ್ಧ. ಎರಡು ಕೆಜಿ ಕಲ್ಲಂಗಡಿ ತಿರುಳು ತಿಂದರೆ 600 ಕ್ಯಾಲೊರಿ, ಪ್ರೋಟೀನ್ ಬರೀ 12 ಗ್ರಾಂ. ಅದೇ 70 ಕೆಜಿಯ ದೇಹಕ್ಕೆ ದಿನಕ್ಕೆ ಬೇಕಾದದ್ದು 55ರಿಂದ 60 ಗ್ರಾಂ. ಎರಡನೇ ದಿನ ಬೆಳಿಗ್ಗೆ ಒಂದು ಬೇಯಿಸಿದ ಆಲೂಗಡ್ಡೆ, ಆಮೇಲೆ ತರಕಾರಿ. ಮೂರನೇ ದಿನ ಹಣ್ಣು ತರಕಾರಿ ಎರಡೂ ಸೇರಿಸಿ, ಆಲೂಗಡ್ಡೆ ಬಿಟ್ಟು. ಹಾಲು ಸಕ್ಕರೆ ಹಾಕಿದ ಕಾಫಿ ಇಲ್ಲದ್ದರಿಂದ ಈ ಹೊತ್ತಿಗೆ ತಲೆನೋವು ಬಂದಿರುತ್ತದೆ. ಅದು ಫಿಲ್ಟರ್ ಕಾಫಿಯ ಕೆಫೀನ್ ತಪ್ಪಿದ ನೋವು, ಆದರೆ ಲೆಕ್ಕಕ್ಕೆ ಬರುವುದು "ಕೊಬ್ಬು ಕರಗುವ ಲಕ್ಷಣ" ಎಂದು.

ನಾಲ್ಕನೇ ದಿನ ಎಂಟು ಬಾಳೆಹಣ್ಣು, ಮೂರು ಲೋಟ ಹಾಲು. ಮೂರು ದಿನದ ಹಿಂದೆ ಬಾಗಿಲ ಬಳಿಗೂ ಸೇರಿಸದ ಬಾಳೆ ಈಗ ಎಂಟರ ಲೆಕ್ಕದಲ್ಲಿ ಯಾಕೆ ಬಂತೋ ಕೇಳಬಾರದು. ಯಾವ ಬಾಳೆ ಎಂದೂ ಕೇಳಬಾರದು. ಏಲಕ್ಕಿ ಬಾಳೆ ಎಂಟು ತಿಂದರೂ ಪಚ್ಚಬಾಳೆ ಎಂಟು ತಿಂದರೂ ಫಲ ಒಂದೇ ಎನ್ನುತ್ತದೆ ಪಿಡಿಎಫ್ಫು. ಅಂಗಡಿಯ ತಕ್ಕಡಿ ಎರಡು ಪಟ್ಟು ವ್ಯತ್ಯಾಸ ತೋರಿಸುತ್ತದೆ. ದೊಡ್ಡ ಪಚ್ಚಬಾಳೆಯೇ ಹಿಡಿದರೆ ಹಾಲೂ ಸೇರಿ 1,200 ಕ್ಯಾಲೊರಿ ದಾಟುತ್ತದೆ, ಅಷ್ಟರಲ್ಲಿ ಎರಡು ಹೊತ್ತು ಅನ್ನ, ಸಾರು, ಪಲ್ಯ, ಮಜ್ಜಿಗೆ ಮರ್ಯಾದೆಯಿಂದ ಮುಗಿಯುತ್ತಿತ್ತು.

ಐದನೇ ದಿನವಂತೂ ಪವಾಡ. ಅಮೆರಿಕದ ಮೂಲದಲ್ಲಿ ಅಂದು ದನದ ಮಾಂಸ ಮತ್ತು ಆರು ಟೊಮೆಟೊ. ನಮ್ಮಲ್ಲಿಗೆ ಬರುವಷ್ಟರಲ್ಲಿ ಮಾಂಸದ ಜಾಗಕ್ಕೆ ಒಬ್ಬರು ಪನೀರ್ ಹಾಕಿದರು, ಇನ್ನೊಬ್ಬರು ಮೊಳಕೆ ಹೆಸರುಕಾಳು, ಮತ್ತೊಬ್ಬರು ಒಂದು ಬಟ್ಟಲು ಅನ್ನ. ಮಾಂಸದ ಬದಲು ಅನ್ನ ಹಾಕಿದರೂ ಅದೇ ದಿನ ಅಷ್ಟೇ ಕೊಬ್ಬು ಅದೇ ರೀತಿ ಕರಗುವ ರಸಾಯನಶಾಸ್ತ್ರ ಜಗತ್ತಿನಲ್ಲಿ ಇದೊಂದೇ. ಇಷ್ಟೆಲ್ಲದರ ನಡುವೆ ಹಸಿವಾದಾಗ "ವಂಡರ್ ಸೂಪ್": ಒಂದು ಕ್ಯಾಬೇಜ್, ಆರು ಈರುಳ್ಳಿ, ಟೊಮೆಟೊ, ದಪ್ಪ ಮೆಣಸಿನಕಾಯಿ, ಸೆಲರಿ, ಎಷ್ಟು ಬೇಕಾದರೂ ಕುಡಿಯಿರಿ. ಕ್ಯಾಬೇಜು ಈರುಳ್ಳಿಗಳಲ್ಲಿ ನಮ್ಮ ಸಣ್ಣ ಕರುಳಿಗೆ ಅರಗದ ಸಕ್ಕರೆಗಳಿವೆ. ಅವು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಔತಣ, ಉತ್ಪನ್ನ ಗ್ಯಾಸು. ಏಸಿ ಹಾಕಿ ಕಿಟಕಿ ಮುಚ್ಚಿದ ಆಫೀಸಿನಲ್ಲಿ ಮೂರು ಜನ ಒಟ್ಟಿಗೆ ಈ ಪಥ್ಯ ಹಿಡಿದರೆ ವರ್ಕ್ ಫ್ರಂ ಹೋಮ್‌ಗೆ ಬೇರೆ ಕಾರಣ ಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಾಳಯದವರಿಗೂ ಒಂದು ಮಾತು ಸಲ್ಲಬೇಕು. "ನಿಧಾನವಾಗಿ ಇಳಿಸಿದರೆ ಮಾತ್ರ ನಿಲ್ಲುತ್ತದೆ, ಬೇಗ ಇಳಿಸಿದ್ದೆಲ್ಲ ವಾಪಸ್ಸು" ಎಂಬ ಉಪದೇಶವೂ ಪರೀಕ್ಷೆಯಲ್ಲಿ ಪಾಸಾಗಿಲ್ಲ. 2014ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಸುಮಾರು 200 ಜನ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ 12 ವಾರಗಳ ಕಡಿಮೆ ಕ್ಯಾಲೊರಿ ಪಥ್ಯ, ಇನ್ನೊಂದಕ್ಕೆ 36 ವಾರಗಳ ನಿಧಾನ ಪಥ್ಯ ಕೊಟ್ಟರು. ಗುರಿ ಮುಟ್ಟಿದವರು ವೇಗದ ಗುಂಪಿನಲ್ಲೇ ಹೆಚ್ಚು. ಮೂರು ವರ್ಷ ಕಳೆದ ಮೇಲೆ ಇಳಿದ ತೂಕದಲ್ಲಿ ಶೇ. 70ರಷ್ಟು ಎರಡೂ ಗುಂಪುಗಳಿಗೆ ಸಮಾನ ನಿಷ್ಠೆಯಿಂದ ಮರಳಿತ್ತು. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಟೈನ್‌ಸೈಡ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ 'ಡೈರೆಕ್ಟ್' ಅಧ್ಯಯನದಲ್ಲಿ ಟೈಪ್ 2 ಮಧುಮೇಹಿಗಳಿಗೆ ದಿನಕ್ಕೆ 825ರಿಂದ 853 ಕ್ಯಾಲೊರಿ ಕೊಡಲಾಯಿತು. ಒಂದು ವರ್ಷಕ್ಕೆ ಅವರಲ್ಲಿ ಶೇ. 46 ಮಂದಿ ಔಷಧವಿಲ್ಲದೆ ಮಧುಮೇಹದಿಂದ ಹೊರಗಿದ್ದರು.

ಇದನ್ನು ಓದಿದ ಫ್ಲೆಕ್ಸಿನವರು ಕುಣಿದಾಡಬಹುದು. ಸ್ವಲ್ಪ ತಾಳಿ. ಅಲ್ಲಿ ಕೊಟ್ಟದ್ದು ಕಲ್ಲಂಗಡಿಯಲ್ಲ, ಪ್ರೋಟೀನ್, ವಿಟಮಿನ್, ಖನಿಜಗಳನ್ನು ಅಳೆದು ಸೇರಿಸಿದ ಪುಡಿ. ಅವಧಿ ಒಂದು ವಾರವಲ್ಲ, ಮೂರರಿಂದ ಐದು ತಿಂಗಳು. ಆಮೇಲೆ ಊಟವನ್ನು ಮೆಟ್ಟಿಲು ಮೆಟ್ಟಿಲಾಗಿ ಮರಳಿಸಲು ಮತ್ತೆ ಎರಡರಿಂದ ಎಂಟು ವಾರ, ಅದಾದ ಮೇಲೂ ತಿಂಗಳು ತಿಂಗಳು ಭೇಟಿ. ಮೊದಲ ವಾರಗಳಲ್ಲಿ ಚೆನ್ನಾಗಿ ಇಳಿದವರು ಮುಂದೆಯೂ ಹೆಚ್ಚು ಇಳಿಸುತ್ತಾರೆ ಎಂಬುದು ನಿಜವೇ. ಆದರೆ ಅದು ಮುಂದಿನ ತಿಂಗಳುಗಳ ಕಾರ್ಯಕ್ರಮವೂ ಇದ್ದವರ ಕಥೆ. ಮೊದಲ ವಾರವನ್ನು ಮಾತ್ರ ಕತ್ತರಿಸಿಕೊಂಡು ಬಂದು ಕಿಕ್ ಸ್ಟಾರ್ಟ್ ಎನ್ನುವುದು, ಮುಹೂರ್ತದ ಶಾಟ್ ತೆಗೆದು ಶತದಿನೋತ್ಸವದ ಪೋಸ್ಟರ್ ಅಂಟಿಸುವವರ ಧೈರ್ಯ.

ಮತ್ತೊಂದು ವ್ಯತ್ಯಾಸ ನಗುವಂಥದ್ದಲ್ಲ. 'ಡೈರೆಕ್ಟ್'ನಲ್ಲಿ ಪಥ್ಯ ಶುರುವಾದ ದಿನವೇ ವೈದ್ಯರು ಸಕ್ಕರೆ ಕಾಯಿಲೆಯ ಮತ್ತು ಬಿಪಿಯ ಮಾತ್ರೆಗಳನ್ನು ನಿಲ್ಲಿಸಿದರು. ಇಲ್ಲಿ ಬೆಳಗಿನ ಗ್ಲಿಮೆಪಿರೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಮಧ್ಯಾಹ್ನ ಬರೀ ಸೂಪ್ ಕುಡಿದರೆ ರಕ್ತದ ಸಕ್ಕರೆ ಅಂಶ ಪಾತಾಳಕ್ಕೆ ಇಳಿಯಬಹುದು. ಬೆವರು, ನಡುಕ, ಮಾತು ತೊದಲು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ನುಂಗುತ್ತಾ ಉಪವಾಸ ಕೂತರೆ, ಸಕ್ಕರೆ ಅಷ್ಟೇನೂ ಏರದೆಯೇ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು. ನೀರಿಳಿಸುವ ಬಿಪಿ ಮಾತ್ರೆ ತಿನ್ನುವವರು ತಲೆ ಸುತ್ತಿ ಬಚ್ಚಲಲ್ಲಿ ಬೀಳಬಹುದು. ಯೂರಿಕ್ ಆಮ್ಲ ಏರಿ, ಗೌಟ್ ಎಂಬ ಕೀಲುನೋವು ಇದ್ದವರ ಕಾಲಿನ ಹೆಬ್ಬೆರಳು ಕೆಂಪಗೆ ಊದಬಹುದು. ಗರ್ಭಿಣಿಯರು, ಹಾಲೂಡಿಸುವವರು, ಬೆಳೆಯುವ ಮಕ್ಕಳು, ಹಿಂದೆ ಊಟ ಬಿಡುವ ಇಲ್ಲವೇ ಅತಿಯಾಗಿ ತಿನ್ನುವ ಗೀಳಿನಿಂದ ನರಳಿದವರು ಈ ಕಡೆ ತಲೆ ಹಾಕಲೇಬಾರದು. ಮೆಟ್ಟಿಲ ಮೇಲಿನ ಫ್ಲೆಕ್ಸು ಕೇಳುವುದು ಹೆಸರು, ಮೊಬೈಲ್ ನಂಬರು, ಯುಪಿಐ ಅಷ್ಟೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ತೂಕ ಇಳಿಸುವ ಪಥ್ಯವೂ 1,000 ಕ್ಯಾಲೊರಿಗಿಂತ ಕೆಳಗೆ ಹೋಗಬಾರದು, ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು ಎನ್ನುತ್ತದೆ. ವಾರಕ್ಕೆ ಅರ್ಧ ಕೆಜಿ! ಅಷ್ಟಕ್ಕೆ ಫ್ಲೆಕ್ಸ್ ಪ್ರಿಂಟು ಮಾಡಿಸಿದ ಖರ್ಚೂ ಹುಟ್ಟುವುದಿಲ್ಲ.

1988ರ ನವೆಂಬರ್‌ನಲ್ಲಿ ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ತಿಂಗಳುಗಟ್ಟಲೆ ದ್ರವ ಪಥ್ಯ ಮಾಡಿ, ತಾನು ಇಳಿಸಿದ 67 ಪೌಂಡ್, ಅಂದರೆ 30 ಕೆಜಿಯಷ್ಟು ಪ್ರಾಣಿಗಳ ಕೊಬ್ಬನ್ನು ಕೆಂಪು ಗಾಡಿಯಲ್ಲಿ ಟಿವಿ ವೇದಿಕೆಗೆ ಎಳೆದು ತಂದರು. ತೂಕ ಆಮೇಲೆ ಮರಳಿತು, ಅದನ್ನು ಅವರೇ ಹೇಳಿಕೊಂಡರು. ಆದರೂ ಗಾಡಿಯಲ್ಲಿ ತೋರಿಸಲು ಅಷ್ಟಾದರೂ ಇತ್ತು. ನಮ್ಮ ಏಳು ದಿನದ ವೀರರು ಇಳಿಸಿದ್ದನ್ನು ವೇದಿಕೆಗೆ ತರಬೇಕೆಂದರೆ ಒಂದು ಬಿಂದಿಗೆ ಹಿಡಿದುಕೊಂಡು ಬರಬೇಕು.

ಎಂಟನೇ ದಿನ ಮದುವೆ ಊಟ. ಹೋಳಿಗೆ, ಚಿತ್ರಾನ್ನ, ಎರಡು ಸಲ ಬಡಿಸಿಕೊಂಡ ಬಿಸಿಬೇಳೆ ಬಾತು, ಕೊನೆಗೆ ಐಸ್‌ಕ್ರೀಂ. ಖಾಲಿಯಾದ ಗ್ಲೈಕೋಜೆನ್ ಉಗ್ರಾಣ ಬಾಗಿಲು ತೆರೆದೇ ಕಾಯುತ್ತಿರುತ್ತದೆ. ಪಿಷ್ಟ ಒಳಗೆ, ಅದರ ಹಿಂದೆಯೇ ನೀರು, ಉಪ್ಪು. ಒಂದೆರಡು ದಿನದಲ್ಲಿ ಎರಡು ಕೆಜಿ ಮನೆಗೆ ವಾಪಸ್ಸು. ಇದು ಕೊಬ್ಬಲ್ಲ, ಹೋಳಿಗೆಯ ಪಾಪವೂ ಅಲ್ಲ, ಹೋದ ನೀರೇ ಬಂದದ್ದು. ಗಾಬರಿಯಾಗಿ ಮತ್ತೆ ಊಟ ಬಿಡದೆ, ದಿನಕ್ಕೆ 400–500 ಕ್ಯಾಲೊರಿ ಮಾತ್ರ ತಗ್ಗಿಸಿ, ಹೊತ್ತು ಹೊತ್ತಿಗೆ ಬೇಳೆ, ಕಾಳು, ಮೊಟ್ಟೆ, ಮೊಸರು ಹಾಕಿಕೊಂಡು, ವಾರಕ್ಕೊಮ್ಮೆ ಅದೇ ಬಟ್ಟೆಯಲ್ಲಿ ಅದೇ ಹೊತ್ತಿಗೆ ತೂಕ ನೋಡಿದರೆ ನಿಜವಾದ ಇಳಿತ ಕಣ್ಣಿಗೆ ಬೀಳಲು ತಿಂಗಳಾದರೂ ಬೇಕು. ಅಷ್ಟರೊಳಗೆ ಜಿಮ್ಮಿನಿಂದ ಫೋನ್ ಬಂದಿರುತ್ತದೆ. ಬಂದ ಎರಡು ಕೆಜಿ ನಿಮ್ಮ ಶಿಸ್ತಿನ ಕೊರತೆಯಂತೆ, ಹೋದ ನಾಲ್ಕು ಕೆಜಿ ಅವರ ಪ್ಯಾಕೇಜಿನ ಮಹಿಮೆಯಂತೆ. ಎರಡನೇ ಬ್ಯಾಚು ಸೋಮವಾರದಿಂದ, ಹಳೇ ಗಿರಾಕಿಗಳಿಗೆ ರಿಯಾಯಿತಿ ಉಂಟು.