ಒಂಚೂರು ಗ್ಯಾಸ್ ಹಾಕಿ ಬಿಡಿ ಮಾರಾಯ್ರೆ

ಏಪ್ರಿಲ್ ಸೆಕೆಯಲ್ಲಿ ಮಂಗಳೂರಿನ ಕಾರೊಂದರ ಎಸಿ ಕೈಕೊಟ್ಟರೆ ಒಳಗೆ ಕೂತವರೆಲ್ಲ ಮೆಕ್ಯಾನಿಕ್‌ಗಳೇ. ತೀರ್ಪೂ ಒಂದೇ: "ಗ್ಯಾಸ್ ಮುಗಿದಿರ್ಬೇಕು." ಉರಿದು ಮುಗಿಯಲಿಕ್ಕೆ ಅದೇನು ಅಡುಗೆಮನೆಯ ಸಿಲಿಂಡರೇ? ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಅಂತ ಅರ್ಥ. ಅದರ ಮೇಲೆ ಬಾನೆಟ್ಟಿನೊಳಗೆ ಕರಕರ ಸದ್ದು, ಬೆಲ್ಟಿನ ಕಿರುಚಾಟ, ಸುಟ್ಟ ವಾಸನೆ ಸೇರಿದರೆ ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರಿನ ಕತೆ ಬಹುತೇಕ ಮುಗಿಯಿತು.

"ಹಾಗಾದ್ರೆ ಕಂಪ್ರೆಸರ್ ಒಂದು ಬದಲಿಸಿ, ಉಳಿದದ್ದು ಮತ್ತೆ ನೋಡುವಾ." ಇದಕ್ಕಿಂತ ದುಬಾರಿಯಾದ ಉಳಿತಾಯ ಇನ್ನೊಂದಿಲ್ಲ. ಸತ್ತ ಕಂಪ್ರೆಸರ್ ತನ್ನ ಲೋಹದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಬಿಸಿ ಹೊರಹಾಕುವ ಕಂಡೆನ್ಸರಿಗೂ ಗ್ಯಾಸನ್ನು ಅಳೆದು ಬಿಡುವ ಎಕ್ಸ್‌ಪಾನ್ಶನ್ ವಾಲ್ವಿಗೂ ಆಸ್ತಿ ಬರೆದಿಟ್ಟೇ ಹೋಗಿರುತ್ತದೆ. ಹೊಸತನ್ನು ಕೂರಿಸಿದ ಮೇಲೆ ಆ ಆಸ್ತಿಗೆ ವಾರಸುದಾರ ಅದೇ.

ಇದ್ದ ಗ್ಯಾಸನ್ನು ಮೆಷಿನ್ನಿಗೆ ಎಳೆದುಕೊಂಡ ಮೇಲೆ ಹಳೇ ಕಂಪ್ರೆಸರಿನ ಎಣ್ಣೆಯನ್ನು ಒಂದು ಗ್ಲಾಸಿಗೆ ಬಗ್ಗಿಸಿ ನೋಡಬೇಕು. ತಿಳಿಯಾಗಿದ್ದರೆ ಪುಣ್ಯ. ಕಪ್ಪಾಗಿ, ಬೆಳಕಿಗೆ ಹಿಡಿದರೆ ಮಿನುಗುತ್ತಿದ್ದರೆ ಪೈಪುಗಳನ್ನೂ ಕೂಲಿಂಗ್ ಕಾಯಿಲನ್ನೂ ಫ್ಲಶ್ ಮಾಡಿ ನೈಟ್ರೋಜನ್ ಊದಿ ಒಣಗಿಸಬೇಕು. ಈಗಿನ ಕಂಡೆನ್ಸರಿನ ಕಾಲುವೆಗಳು ಬಹಳ ಸಣ್ಣ. ಅಲ್ಲಿ ಸಿಕ್ಕಿದ ಪುಡಿ ಫ್ಲಶ್ಶಿಗೆ ಜಗ್ಗುವುದಿಲ್ಲ, ಹೊಸತೇ ಹಾಕಬೇಕು. ವಾಲ್ವ್, ತೇವ ಹೀರುವ ಡ್ರೈಯರ್, ಜೋಡಣೆಗಳ ರಬ್ಬರ್ ಓ-ರಿಂಗುಗಳೂ ಹೊಸತು. ಡ್ರೈಯರಿನ ಮುಚ್ಚಳವನ್ನು ಮಾತ್ರ ಜೋಡಿಸುವ ಕೊನೇ ಗಳಿಗೆಯಲ್ಲಿ ತೆಗೆಯಿರಿ. ಪಣಂಬೂರಿನ ಕಡಲ ಗಾಳಿಗೆ ತೆರೆದಿಟ್ಟು ಊಟಕ್ಕೆ ಹೋದರೆ, ಬರುವಾಗ ಅದೂ ಹೊಟ್ಟೆ ತುಂಬ ತೇವ ಕುಡಿದು ಕೂತಿರುತ್ತದೆ. ಕಂಪ್ರೆಸರಿಗೆ ಹಾಕುವ ಪಿಎಜಿ ಎಣ್ಣೆಯದ್ದೂ ಅದೇ ಚಾಳಿ.

ಎಣ್ಣೆಯ ಲೆಕ್ಕ ತಪ್ಪುವವರೇ ಜಾಸ್ತಿ. ಎಷ್ಟೋ ಹೊಸ ಕಂಪ್ರೆಸರುಗಳು ಇಡೀ ಸಿಸ್ಟಮ್ಮಿಗೆ ಬೇಕಾದ ಎಣ್ಣೆ ತುಂಬಿಕೊಂಡೇ ಬರುತ್ತವೆ. ಎಲ್ಲವನ್ನೂ ಫ್ಲಶ್ ಮಾಡಿದ್ದರೆ ಅದು ಸರಿ. ಇಲ್ಲವಾದರೆ ಹಳೆಯದರಿಂದ ಬಂದಷ್ಟನ್ನು ಅಳೆದು, ಅಷ್ಟೇ ಉಳಿಸಿ ಮಿಕ್ಕಿದ್ದು ತೆಗೆಯಬೇಕು. ಹೆಚ್ಚಾದರೆ ಕೂಲಿಂಗ್ ಇಳಿಯುತ್ತದೆ, ಕಡಿಮೆಯಾದರೆ ಕಂಪ್ರೆಸರೇ ಜಾಮ್. ಕೂರಿಸಿದ ಮೇಲೆ ಕಂಪ್ರೆಸರಿನ ಶಾಫ್ಟನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ಎಲೆಕ್ಟ್ರಿಕ್ ಕಾರಾದರೆ ಪಿಎಜಿ ಡಬ್ಬಿಯನ್ನು ಹತ್ತಿರವೂ ತರಬೇಡಿ; ಅದರ ಕಂಪ್ರೆಸರಿಗೆ ಕರೆಂಟ್ ಹಾಯಿಸದ ಎಣ್ಣೆಯೇ ಬೇಕು, ಸಾಮಾನ್ಯವಾಗಿ ಪಿಒಇ ಎಂಬ ಬೇರೆ ಎಣ್ಣೆ.

ಮತ್ತೆ ನೈಟ್ರೋಜನ್ ತುಂಬಿ, ಜೋಡಣೆಗಳಿಗೆ ಸೋಪು ನೀರು ಹಚ್ಚಿ ಸೋರಿಕೆ ನೋಡುವುದು. ಅದಾದ ಮೇಲೆ ವ್ಯಾಕ್ಯೂಮ್, ಅಂದರೆ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎಳೆದು ತೆಗೆಯುವುದು. "ಹತ್ತು ನಿಮಿಷ ಸಾಕಲ್ವಾ?" ಸಾಲದು. ನಮ್ಮ ಕರಾವಳಿಯ ತೇವಕ್ಕೆ 45 ನಿಮಿಷ ಬೇಕೇ ಬೇಕು. ಎರಡು ಬನ್ಸು, ಒಂದು ಚಾ ಮುಗಿಸಿಯೂ ಸಮಯ ಉಳಿಯುತ್ತದೆ. ಪಂಪ್ ನಿಲ್ಲಿಸಿ 15-20 ನಿಮಿಷ ಗೇಜಿನ ಮುಳ್ಳನ್ನೇ ನೋಡಿ. ಮೇಲೆ ಹತ್ತಿದರೆ ಸೋರಿಕೆ ಉಂಟು, ಇಲ್ಲವೇ ತೇವ ಇನ್ನೂ ಒಳಗುಂಟು.

ಗ್ಯಾಸನ್ನು ತೂಗಿಯೇ ಹಾಕಬೇಕು. ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಗ್ರಾಂ ಲೆಕ್ಕ ಬರೆದಿರುತ್ತದೆ. ಸಣ್ಣ ಕಾರುಗಳಿಗೆ ಆರ್134ಎ ಎಂಬ ಎಸಿ ಗ್ಯಾಸ್ ಅರ್ಧ ಕಿಲೋದ ಆಸುಪಾಸು. ಆಗ ಪಕ್ಕದಿಂದ ಒಂದು ದನಿ ಬಂದೇ ಬರುತ್ತದೆ: "ಇನ್ನೊಂಚೂರು ಹಾಕಿ, ಒಳ್ಳೆ ತಂಪಾಗ್ಲಿ." ಹೆಚ್ಚು ತುಂಬಿದರೆ ಪ್ರೆಶರ್ ಏರಿ ಸ್ವಿಚ್ಚು ಕಂಪ್ರೆಸರನ್ನೇ ಆಫ್ ಮಾಡುತ್ತದೆ. ತಂಪಿನ ಆಸೆಗೆ ಬೆವರು ಲಾಭ.

ಹಳೆಯದು ಯಾಕೆ ಸತ್ತಿತು ಎಂದು ಹುಡುಕದಿದ್ದರೆ ಹೊಸತೂ ಅದೇ ದಾರಿ ಹಿಡಿಯುತ್ತದೆ. ಸುರತ್ಕಲ್ ಕಡೆ ಓಡುವಾಗ ತಣ್ಣಗೆ, ಕೊಟ್ಟಾರ ಚೌಕಿಯ ಟ್ರಾಫಿಕ್ಕಿನಲ್ಲಿ ನಿಂತ ಕೂಡಲೇ ಬಿಸಿ ಎಂದಾದರೆ ಮೊದಲು ಕಂಡೆನ್ಸರಿನ ಫ್ಯಾನ್ ತಿರುಗುತ್ತಿದೆಯಾ ನೋಡಿ.

ರಿಪೇರಿ ಮುಗಿದ ಮರುದಿನ ವಾಚ್‌ಮನ್ ಓಡಿ ಬರುತ್ತಾನೆ: "ಸರ್, ನಿಮ್ಮ ಎಸಿ ಲೀಕ್!" ಕಾರಿನಡಿ ನೀರು ಬಿದ್ದಿದ್ದರೆ ಎಸಿ ಗಟ್ಟಿಮುಟ್ಟಾಗಿದೆ. ಅದೇ ನೀರು ಎದುರು ಸೀಟಿನ ಮ್ಯಾಟ್ ಮೇಲೆ ನಿಂತಿದ್ದರೆ ಡ್ರೈನ್ ಪೈಪ್ ಕಟ್ಟಿದೆ. ಊದಿ ಬಿಡಿಸಿದರೆ ಆಯಿತು, ಅದಕ್ಕೆ ಗ್ಯಾಸ್ ಬೇಡ.